ನಮ್ಮೂರ ಹೈಸ್ಕೂಲಿನ ದಿನಚರಿ: ಒಬ್ಬ ವೈದ್ಯನ ಕಣ್ಣಿನಲ್ಲಿ

ಸಂಘದ ವಾರ್ಷಿಕ ಸಂಚಿಕೆಗೆ ಆರೋಗ್ಯ ವಿಷಯವಾಗಿ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ಸಕ್ಕರೆ ರೋಗವನ್ನೋ ರಕ್ತದ ಒತ್ತಡವನ್ನೋ ಕುರಿತು ನಾಲ್ಕು ಪುಟ ಬರೆದು ಕೈತೊಳೆದುಕೊಳ್ಳೋಣವೆಂದೇ ಮೊದಲು ಎಣಿಸಿದ್ದೆ. ಮುಂಬಯಿಯಲ್ಲಿ ಮೂವತ್ತೈದು ವರ್ಷ ವೈದ್ಯವೃತ್ತಿ ನಡೆಸಿದವನು ನಾನು. ಆ ಎರಡು ವ್ಯಾಧಿಗಳ ಆಸರೆಯಿಂದಲೇ ನನ್ನ ಸಂಸಾರ ಸಾಗಿತೆಂದರೆ ಸುಳ್ಳಾಗಲಾರದು. ಅವುಗಳ ಬಗೆಗೆ ಬರೆಯುವವರು ಬೇರೆ ಅನೇಕರಿದ್ದಾರೆ. ಈಚೆಗೆ ಊರಿಗೆ ಹೋದಾಗ ನಾನು ಓದಿದ ಹೈಸ್ಕೂಲಿನ ಅಂಗಳದಲ್ಲಿ ಒಂದು ಇಡೀ ದಿನವನ್ನು ಕಳೆಯುವ ಸಂದರ್ಭ ಒದಗಿತು. ಅಂದಿನಿಂದ ಮನಸ್ಸು ಅಲ್ಲಿಯೇ ಸುಳಿಯುತ್ತಿದೆ. ಆದುದರಿಂದ ವಾಚಕರು ಕ್ಷಮಿಸಬೇಕು. ಈ ಲೇಖನದಲ್ಲಿ ಔಷಧಿಗಿಂತ ನೆನಪೇ ಹೆಚ್ಚಾಗಿರುವ ಸಂಭವವಿದೆ.

ನಮ್ಮದು ಕಪ್ಪತಗುಡ್ಡದ ಬುಡದಲ್ಲಿರುವ ಒಂದು ತಾಲ್ಲೂಕು ಊರು. ಆಗ ಅದು ಧಾರವಾಡ ಜಿಲ್ಲೆಗೆ ಸೇರಿದ್ದಿತು. 1997ರಿಂದ ಈಚೆಗೆ ಗದಗ ಜಿಲ್ಲೆಗೆ ಸೇರಿದೆ. ಊರೆಂದರೆ ನಾವು ಇದ್ದದ್ದು ಊರಲ್ಲಿಯೂ ಅಲ್ಲ, ಅಲ್ಲಿಂದ ಐದು ಕಿಲೋಮೀಟರು ದೂರದ ಹಳ್ಳಿಯಲ್ಲಿ. 1973ರ ಜೂನ್ ತಿಂಗಳಲ್ಲಿ ನಾನು ಎಂಟನೆಯ ಇಯತ್ತೆಗೆ ಹೆಸರು ಹಚ್ಚಿಸಿದೆ. ಅದರ ಹಿಂದಿನ ವರ್ಷದ ಬರಗಾಲದಿಂದ ಹಳ್ಳಿ ಇನ್ನೂ ಚೇತರಿಸಿಕೊಂಡಿರಲಿಲ್ಲ. ಎಷ್ಟೋ ಮನೆಗಳ ಬಾಗಿಲಿಗೆ ಕೀಲಿ ಬಿದ್ದಿತ್ತು. ಕೆಲವರು ಗೋವೆಗೆ, ಕೆಲವರು ಇದೇ ಮುಂಬಯಿಗೆ ಗುಳೆ ಎದ್ದು ಹೋಗಿದ್ದರು. ಈ ಸಂಚಿಕೆಯನ್ನು ಓದುತ್ತಿರುವ ಕೆಲವರ ತಂದೆ-ತಾಯಿಗಳೂ ಅವರಲ್ಲಿ ಇದ್ದಿರಬಹುದು.

ಹೈಸ್ಕೂಲಿಗೆ ಹೋಗುವುದೆಂದರೆ ಒಂದು ದೊಡ್ಡ ಪದವಿಯೇ ಸರಿ. ಅರ್ಧ ಚಡ್ಡಿಯ ಬದಲು ಪಾಯಿಜಾಮ, ಪಾಟಿಯ ಬದಲು ನೋಟುಬುಕ್ಕು, ಒಬ್ಬ ಮಾಸ್ತರರ ಬದಲು ತಾಸಿಗೊಬ್ಬ ಮಾಸ್ತರರು. ಆದರೆ ಆ ಪದವಿಯೊಡನೆ ಒಂದು ನಷ್ಟವೂ ಇದ್ದಿತು. ಅದನ್ನು ಯಾರೂ ನಮಗೆ ಮುಂಚಿತವಾಗಿ ಹೇಳಿರಲಿಲ್ಲ. ಪ್ರಾಥಮಿಕ ಶಾಲೆಯಲ್ಲಿ ಅಮೇರಿಕದ ಕೇರ್ ಸಂಸ್ಥೆಯಿಂದ ಬರುತ್ತಿದ್ದ ಗೋಧಿ ನುಚ್ಚಿನ ಉಪ್ಪಿಟ್ಟು ಹೈಸ್ಕೂಲಿನಲ್ಲಿ ಇರಲಿಲ್ಲ. ಆ ಉಪ್ಪಿಟ್ಟಿನ ಎಣ್ಣೆಯ ವಾಸನೆಯನ್ನು ಹಂಗಿಸಿದವರೇ ಎಲ್ಲರೂ. ಏಳನೆಯ ಇಯತ್ತೆ ಮುಗಿದ ಮೇಲೆ ಅದರ ಬೆಲೆ ತಿಳಿಯಿತು. ಶರೀರವು ಅತಿ ವೇಗವಾಗಿ ಬೆಳೆಯುವುದು ಹನ್ನೆರಡರಿಂದ ಹದಿನಾರರ ನಡುವೆ. ಮೂಳೆ, ಸ್ನಾಯು, ರಕ್ತ ಎಲ್ಲವೂ ಒಮ್ಮೆಲೇ ಅನ್ನವನ್ನು ಬೇಡುವ ಕಾಲವದು. ಸರಿಯಾಗಿ ಆ ಕಾಲಕ್ಕೆ ನಮ್ಮ ಮುಂದಿನ ತಟ್ಟೆಯನ್ನು ಎತ್ತಿಬಿಟ್ಟಿದ್ದರು.

ಮುಂಜಾನೆಯ ದಾರಿ

ಶಾಲೆಯ ಗಂಟೆ ಹತ್ತೂವರೆಗೆ. ನಾವು ಎಂಟೂವರೆಗೆ ಹಳ್ಳಿ ಬಿಡುತ್ತಿದ್ದೆವು. ಹನ್ನೊಂದು ಜನ ಹುಡುಗರು, ಮೂವರು ಹುಡುಗಿಯರು. ಹುಡುಗಿಯರು ನೂರು ಮಾರು ಮುಂದೆ, ನಾವು ಹಿಂದೆ. ಎರೆಭೂಮಿಯ ಕಾಲುದಾರಿ, ನಡುವೆ ಒಂದು ಹಳ್ಳ, ಅದರ ದಂಡೆಯ ಮೇಲೆ ಜಾಲಿಯ ಗಿಡಗಳು. ಹದಿನಾಲ್ಕು ಜನರಲ್ಲಿ ಕಾಲಲ್ಲಿ ಚಪ್ಪಲಿ ಇದ್ದವರು ನಾಲ್ವರು. ಮಳೆಗಾಲದಲ್ಲಿ ಆ ನಾಲ್ವರೂ ಚಪ್ಪಲಿಯನ್ನು ಕೈಯಲ್ಲಿ ಹಿಡಿದೇ ನಡೆಯಬೇಕು. ಎರೆಮಣ್ಣು ಚಪ್ಪಲಿಯನ್ನು ಬಿಡುವುದಿಲ್ಲ.

ಈ ಬರಿಗಾಲ ನಡಿಗೆಯನ್ನು ಕುರಿತು ಇಂದು ಕೆಲವರು ಬಹಳ ಹೊಗಳಿ ಮಾತನಾಡುತ್ತಾರೆ. ನಡಿಗೆ ಒಳ್ಳೆಯದೇ. ಆದರೆ ಹಳ್ಳದ ಆಸುಪಾಸೇ ಎರಡು ಹಳ್ಳಿಗಳ ಬಯಲು ಕಡೆ ಎಂಬುದನ್ನು ಅವರು ಮರೆಯುತ್ತಾರೆ. ಕೊಕ್ಕೆಹುಳುವಿನ ಮರಿಗಳು ಅಂಥ ಹಸಿ ಮಣ್ಣಿನಲ್ಲಿ ಕಾದಿದ್ದು, ಬರಿಗಾಲಿನ ಚರ್ಮವನ್ನು ಕೊರೆದು ರಕ್ತಕ್ಕಿಳಿದು, ಪುಪ್ಪುಸದ ಮಾರ್ಗವಾಗಿ ಗಂಟಲಿಗೇರಿ, ಕಡೆಗೆ ಸಣ್ಣ ಕರುಳಿನಲ್ಲಿ ನೆಲೆಸುತ್ತವೆ. ಅಲ್ಲಿ ಕಚ್ಚಿಕೊಂಡು ದಿನವೂ ಇಷ್ಟಿಷ್ಟೇ ರಕ್ತವನ್ನು ಹೀರುತ್ತವೆ. ಬೆರಳ ಸಂದಿನಲ್ಲಿ ತುರಿಕೆ ಎದ್ದರೆ ನಾವು ‘ಕೆಸರುಹುಣ್ಣು’ ಎಂದು ಸೀಮೆಎಣ್ಣೆ ಸವರುತ್ತಿದ್ದೆವು. ಕೆಲವು ತುರಿಕೆಗಳ ಹಿಂದೆ ಕೊಕ್ಕೆಹುಳುವೇ ಇದ್ದೀತೆಂಬ ಸಂಶಯ ನನಗೆ ಬಂದದ್ದು ಹುಬ್ಬಳ್ಳಿಯ ವೈದ್ಯಕೀಯ ಕಾಲೇಜಿನಲ್ಲಿ ಪರೋಪಜೀವಿಗಳ ಪಾಠ ಕೇಳುವಾಗ. ಅಂದು ತರಗತಿಯಲ್ಲಿ ಕುಳಿತೇ ಬೂಟಿನೊಳಗಿನ ನನ್ನ ಪಾದಗಳನ್ನು ಮುದುರಿಕೊಂಡದ್ದು ನೆನಪಿದೆ.

ಪ್ರಾರ್ಥನೆಗೆ ಸಾಲಾಗಿ ನಿಲ್ಲಿಸುತ್ತಿದ್ದರು. ಐದು ಕಿಲೋಮೀಟರು ನಡೆದು ಬಂದು, ಬಿಸಿಲಲ್ಲಿ ಅರ್ಧ ತಾಸು ನೆಟ್ಟಗೆ ನಿಂತಾಗ, ವಾರಕ್ಕೆ ಒಬ್ಬರಾದರೂ ದಪ್ಪೆಂದು ಬೀಳುವುದು ವಾಡಿಕೆಯಾಗಿದ್ದಿತು. ಆಗ ಸುತ್ತಲೂ ಜನ ಮುಕುರುವುದು, ಯಾರೋ ಉಳ್ಳಾಗಡ್ಡಿ ಒಡೆದು ಮೂಗಿಗೆ ಹಿಡಿಯುವುದು, ಹುಡುಗಿಯಾಗಿದ್ದರೆ ‘ಗಾಳಿ ಸೋಕಿದೆ’ ಎಂದು ಪಿಸುಗುಟ್ಟುವುದು. ನಿಜವಾಗಿ ಬೇಕಾದದ್ದು ಇಷ್ಟೇ: ಬಿದ್ದವರನ್ನು ನೆರಳಿನಲ್ಲಿ ಅಂಗಾತ ಮಲಗಿಸಿ, ಕಾಲುಗಳನ್ನು ಒಂದು ಮೊಳ ಎತ್ತರಕ್ಕೆ ಎತ್ತಿ ಹಿಡಿಯುವುದು, ಮಿದುಳಿಗೆ ರಕ್ತ ಹರಿದೊಡನೆ ಅವರೇ ಕಣ್ಣು ತೆರೆಯುತ್ತಾರೆ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು. ಎಚ್ಚರವಾದ ಮೇಲೆ ‘ಮುಂಜಾನೆ ಏನು ಉಂಡಿದ್ದೆ?’ ಎಂದು ಕೇಳಬೇಕು. ಆ ಪ್ರಶ್ನೆಯನ್ನು ನಮ್ಮ ಶಾಲೆಯಲ್ಲಿ ಕೇಳಿದ್ದನ್ನು ನಾನು ಕೇಳಿಲ್ಲ.

ಹಿಂದಿನ ಬೆಂಚು

ಬೆಂಚಿನ ವ್ಯವಸ್ಥೆ ಎತ್ತರದ ಪ್ರಕಾರ. ಗಿಡ್ಡನಾದ ನಾನು ಎರಡನೆಯ ಸಾಲಿನಲ್ಲಿದ್ದೆ; ನಮ್ಮ ಹಳ್ಳಿಯವನೇ ಆದ ನನ್ನ ಗೆಳೆಯ ಕಡೆಯ ಸಾಲಿನಲ್ಲಿದ್ದ. ಆತನ ಹೆಸರು ಇಲ್ಲಿ ಬೇಡ. ದಾರಿಯುದ್ದಕ್ಕೂ ಆತ ನಮಗೆ ಲೆಕ್ಕ ಹೇಳಿಕೊಡುತ್ತಿದ್ದ. ಬಾಯಿಲೆಕ್ಕದಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಒಂದು ಸಲ ಕೇಳಿದ ಇತಿಹಾಸದ ಪಾಠವನ್ನು ಇಸವಿಗಳ ಸಮೇತ ಒಪ್ಪಿಸುತ್ತಿದ್ದ. ಅದೇ ಹುಡುಗ ತರಗತಿಯಲ್ಲಿ ಕುಳಿತರೆ ಬೇರೆ ಮನುಷ್ಯನಾಗುತ್ತಿದ್ದ. ಹಲಗೆಯ ಮೇಲೆ ಬರೆದ ಲೆಕ್ಕವನ್ನು ತಪ್ಪಾಗಿ ಇಳಿಸಿಕೊಳ್ಳುವನು; 3 ಇದ್ದಲ್ಲಿ 8 ಬರೆಯುವನು. ಕಣ್ಣು ಕಿರಿದು ಮಾಡಿ ನೋಡುವನು, ಅದು ಅಣಕಿಸಿದಂತೆ ಕಾಣುವುದು. ಪಕ್ಕದವನ ನೋಟುಬುಕ್ಕಿಗೆ ಕಣ್ಣು ಹಾಯಿಸುವನು, ಅದು ಕಳ್ಳತನವೆಂದಾಗುವುದು. ಇವೆರಡಕ್ಕೂ ಛಡಿಯ ಏಟುಗಳ ಸಂಖ್ಯೆ ನಿಗದಿಯಾಗಿದ್ದಿತು. ಗಣಿತದ ಮಾಸ್ತರರು ಕೆಟ್ಟವರಾಗಿರಲಿಲ್ಲ. ಬಡ ಹುಡುಗರಿಗೆ ತಮ್ಮ ಕಿಸೆಯಿಂದ ಪರೀಕ್ಷೆಯ ಶುಲ್ಕ ಕಟ್ಟಿದ ಪುಣ್ಯಾತ್ಮರು ಅವರು. ‘ಮನಸ್ಸು ಇಟ್ಟರೆ ಬರುತ್ತದೆ, ಇವನಿಗೆ ಸೊಕ್ಕು’ ಎಂದು ಅವರು ನಂಬಿದ್ದರು, ನಾವೂ ನಂಬಿದ್ದೆವು. ಅತ್ಯಂತ ಸೋಜಿಗವೆಂದರೆ ಅವನೂ ನಂಬಿದ್ದ.

ಇದಕ್ಕೆ ಕಾರಣವಿದೆ. ಸಮೀಪ ದೃಷ್ಟಿಯ ದೋಷವುಳ್ಳ ಬಾಲಕನಿಗೆ ತನಗೆ ದೋಷವಿದೆಯೆಂದು ತಿಳಿಯುವುದಿಲ್ಲ. ಕಣ್ಣುಗುಡ್ಡೆ ಸ್ವಲ್ಪ ಉದ್ದವಾಗಿ ಬೆಳೆದು, ದೂರದ ವಸ್ತುವಿನ ಬಿಂಬವು ಅಕ್ಷಿಪಟಲದ ಮುಂದೆಯೇ ಬಿದ್ದುಬಿಡುತ್ತದೆ. ಈ ಬದಲಾವಣೆ ಎಂಟು-ಹತ್ತನೆಯ ವಯಸ್ಸಿನಿಂದ ದಿನದಿನಕ್ಕೆ ಅಷ್ಟಷ್ಟಾಗಿ ಆಗುತ್ತದೆ. ಮಸಕಾದ ಲೋಕವೇ ಅವನ ಪಾಲಿಗೆ ಲೋಕ. ಬೇರೆಯವರಿಗೂ ಹಾಗೆಯೇ ಕಾಣುತ್ತದೆಂದೂ, ಅವರು ಅದರಲ್ಲಿಯೇ ಹೇಗೋ ಅಕ್ಷರವನ್ನು ಗುರುತಿಸಬಲ್ಲ ಜಾಣರೆಂದೂ, ತಾನು ದಡ್ಡನೆಂದೂ ಅವನು ತೀರ್ಮಾನಿಸಿಕೊಳ್ಳುತ್ತಾನೆ. ಕೈಯಲ್ಲಿಯ ಪುಸ್ತಕ ಮಾತ್ರ ಅವನಿಗೆ ಸ್ಪಷ್ಟವಾಗಿ ಕಾಣುತ್ತದೆ. ಆದುದರಿಂದ ‘ಕಣ್ಣು ಸರಿಯಿದೆ, ಪುಸ್ತಕ ಓದುತ್ತಾನಲ್ಲ’ ಎಂದು ಮನೆಯವರೂ ನಿಶ್ಚಿಂತರಾಗಿರುತ್ತಾರೆ.

ಒಂಬತ್ತನೆಯ ಇಯತ್ತೆಯಲ್ಲಿ ಅವನು ನಪಾಸಾದ. ತಂದೆ ಎರಡನೆಯ ಮಾತು ಆಡದೆ ಅವನನ್ನು ಎತ್ತಿನ ಹಿಂದೆ ಹಚ್ಚಿದರು. 1976ರ ಮಾರ್ಚಿನಲ್ಲಿ ನಾನು ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಹೊರಟಾಗ ಆತ ಹೊಲದ ಬದುವಿನ ಮೇಲೆ ನಿಂತಿದ್ದ. ನಾನು ಕೈ ಬೀಸಿದೆ. ಅವನು ಬೀಸಲಿಲ್ಲ. ಹೊಟ್ಟೆಕಿಚ್ಚೆಂದು ತಿಳಿದು ಬಹಳ ದಿನ ನೊಂದುಕೊಂಡಿದ್ದೆ. ಅವನಿಗೆ ನಾನು ಕಂಡೇ ಇರಲಿಲ್ಲ.

ಬುತ್ತಿಯ ಗಂಟು ಮತ್ತು ನಳದ ನೀರು

ನಡುವಿನ ಸೂಟಿ ಒಂದೂವರೆಗೆ. ಬೇವಿನ ಗಿಡದ ಕೆಳಗೆ ಬಿಳಿಯ ಅರಿವೆಯ ಗಂಟುಗಳು ಬಿಚ್ಚಿಕೊಳ್ಳುವವು. ಜೋಳದ ರೊಟ್ಟಿ, ಶೇಂಗಾದ ಹಿಂಡಿ, ಒಂದು ಉಳ್ಳಾಗಡ್ಡಿ, ಮನೆಯಲ್ಲಿ ಹೈನಿದ್ದವರಿಗೆ ಗಟ್ಟಿ ಮೊಸರು, ಕಾರಹುಣ್ಣಿಮೆಯ ಮರುದಿನವಾದರೆ ಕಡಬು. ಇದು ಉತ್ತಮ ಆಹಾರವೇ. ಇಂದು ಪಟ್ಟಣದ ಪಥ್ಯತಜ್ಞರು ಹಣ ಪಡೆದು ಹೇಳುವುದು ಇದನ್ನೇ. ದೂರದ ಹಳ್ಳಿಗಳಿಂದ ಬಂದು ಊರಲ್ಲಿ ಖೋಲಿ ಹಿಡಿದು ಓದುತ್ತಿದ್ದ ಹುಡುಗರಿಗೆ ಬುತ್ತಿ ಮೊದಲನೆಯ ಬಸ್ಸಿನಲ್ಲಿ ಬರುತ್ತಿದ್ದಿತು. ಚಾಲಕನ ಪಕ್ಕದಲ್ಲಿ ಹತ್ತಿಪ್ಪತ್ತು ಡಬ್ಬಿಗಳು, ಮುಚ್ಚಳದ ಮೇಲೆ ಮೊಳೆಯಿಂದ ಕೆತ್ತಿದ ಹೆಸರುಗಳು. ಬಸ್ಸು ಕೆಟ್ಟ ದಿನ ಉಪವಾಸ. ಮುಂಬಯಿಗೆ ಬಂದು ಮೊದಲ ಸಲ ಚರ್ಚ್‌ಗೇಟಿನ ಮುಂದೆ ಡಬ್ಬಾವಾಲಾಗಳನ್ನು ಕಂಡಾಗ ಎಲ್ಲರೂ ಬೆರಗಾಗುತ್ತಾರಂತೆ. ನನಗೆ ನಮ್ಮೂರ ಬಸ್‌ಸ್ಟ್ಯಾಂಡಿನ ನೆನಪಾಗಿ ನಗು ಬಂದಿತ್ತು.

ಗಂಟು ಇಲ್ಲದವರೂ ಇದ್ದರು. ಅವರ ಸಂಖ್ಯೆ ಎಷ್ಟೆಂದು ಹೇಳಲು ಬಾರದು, ಏಕೆಂದರೆ ಅವರು ಅದನ್ನು ಮರೆಮಾಚುವುದರಲ್ಲಿ ನಿಪುಣರಾಗಿದ್ದರು. ಸೂಟಿಯ ಗಂಟೆ ಬಾರಿಸಿದೊಡನೆ ‘ಪೇಟೆಯಲ್ಲಿ ಕೆಲಸವಿದೆ’ ಎಂದು ಹೊರಟು, ಕಟ್ಟಡದ ಹಿಂದಿನ ನಳಕ್ಕೆ ಬಾಯಿ ಹಚ್ಚಿ, ಒಂದು ಸುತ್ತು ಹಾಕಿ ಬರುತ್ತಿದ್ದರು. ಮಧ್ಯಾಹ್ನದ ಮೂರನೆಯ ತಾಸಿನಲ್ಲಿ ತೂಕಡಿಸಿ ಹೊಡೆತ ತಿನ್ನುತ್ತಿದ್ದವರೂ ಅವರೇ.

ಆ ನಳದ ನೀರಿನ ವಿಷಯವಾಗಿಯೂ ಒಂದು ಮಾತು. ನಮ್ಮ ಭಾಗದ ಬೋರು ಬಾವಿಗಳಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ಗೊತ್ತುಪಡಿಸಿದ ಮಿತಿ. ಗದಗ ಜಿಲ್ಲೆಯ ಅನೇಕ ಬಾವಿಗಳು ಅದನ್ನು ಮೀರಿವೆ. ಹಲ್ಲು ದವಡೆಯೊಳಗೆ ರೂಪುಗೊಳ್ಳುವ ಮೊದಲ ಎಂಟು ವರ್ಷಗಳಲ್ಲಿ ಇಂಥ ನೀರು ಕುಡಿದ ಮಕ್ಕಳ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಚುಕ್ಕೆ, ಮುಂದೆ ಕಂದು ಪಟ್ಟಿಗಳು ಮೂಡುತ್ತವೆ. ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗದು. ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಬಹುಕಾಲ ಕುಡಿದರೆ ಮೂಳೆ-ಕೀಲುಗಳೂ ಬಿಗಿಯುತ್ತವೆ. ನಮ್ಮ ಹತ್ತನೆಯ ಇಯತ್ತೆಯ ಗ್ಯಾದರಿಂಗಿನ ದಿನ ತೆಗೆಸಿದ ಫೋಟೋ ನನ್ನಲ್ಲಿದೆ. ನಲವತ್ತೆರಡು ಜನ; ಒಬ್ಬರೂ ಹಲ್ಲು ಬಿಟ್ಟಿಲ್ಲ. ಅದನ್ನು ನೋಡಿದ ನನ್ನ ಮಗಳು ‘ಅಪ್ಪಾ, ನಿಮ್ಮ ಕಾಲದವರು ಎಷ್ಟು ಗಂಭೀರವಾಗಿದ್ದಿರಿ!’ ಎಂದಳು.

ನೀರಿನ ವಿಷಯದಲ್ಲಿ ನಾನು ತೀರ ತಡವಾಗಿ ಕಲಿತ ಪಾಠವೊಂದಿದೆ. ನನ್ನ ತಂಗಿ ನನಗಿಂತ ಎರಡು ವರ್ಷ ಚಿಕ್ಕವಳು, ಅದೇ ಶಾಲೆಯಲ್ಲಿ ಓದಿದವಳು. ಅವಳಿಗೆ ಮೇಲಿಂದ ಮೇಲೆ ಉರಿಮೂತ್ರದ ಬಾಧೆ. ನಲವತ್ತು ದಾಟಿದ ಮೇಲೆ ಒಮ್ಮೆ ಮುಂಬಯಿಗೆ ಬಂದಾಗ ‘ನೀರು ಯಾಕೆ ಕುಡಿಯುವುದಿಲ್ಲ ನೀನು?’ ಎಂದು ಗದರಿಸಿದೆ. ಅವಳು ಸಾವಕಾಶವಾಗಿ ಹೇಳಿದಳು: ‘ರೂಢಿ ಇಲ್ಲಣ್ಣ. ಸಾಲಿಗೆ ಹೋಗೂ ಮುಂದ ಮುಂಜಾನೆಯಿಂದ ನೀರು ಬಿಡತಿದ್ವಿ. ನೀವು ಗೋಡಿ ಹಿಂದ ಹೋಗತಿದ್ರಿ. ನಾವು ಎಲ್ಲಿ ಹೋಗಬೇಕಿತ್ತು?’

ಮೂರು ವರ್ಷ ನಾನು ಆ ದಾರಿಯಲ್ಲಿ ನೂರು ಮಾರು ಹಿಂದೆ ನಡೆದಿದ್ದೆ, ಅದರಲ್ಲಿ ಒಂದು ವರ್ಷ ಅವಳ ಹಿಂದೆಯೇ. ಮುಂದೆ ವೈದ್ಯನೂ ಆದೆ. ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಮುಂಜಾನೆ ಎಂಟರಿಂದ ಸಂಜೆ ಆರರವರೆಗೆ ನೀರಿಲ್ಲದೆ, ಬಹಿರ್ದೆಸೆ ಇಲ್ಲದೆ, ಬೇಸಿಗೆಯಲ್ಲಿ! ಮೂತ್ರವನ್ನು ಹೀಗೆ ತಡೆಹಿಡಿದರೆ ಮೂತ್ರಕೋಶದಲ್ಲಿ ಸೋಂಕು ಬೇರೂರಲು ಅನುಕೂಲವಾಗುತ್ತದೆ. ನೀರಿನ ಕೊರತೆಯಿಂದ ತಲೆನೋವು, ಮಂಕುತನ ಬರುತ್ತವೆ. ತಿಂಗಳಿನ ದಿನಗಳಲ್ಲಿ ಹುಡುಗಿಯರು ಶಾಲೆಗೇ ಬರುತ್ತಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಅದಕ್ಕೆ ‘ಜ್ವರ’ ಎಂಬ ಹೆಸರಿದ್ದಿತು. ಆ ಮೂವರು ಹುಡುಗಿಯರಲ್ಲಿ ಹತ್ತನೆಯ ಇಯತ್ತೆ ಮುಟ್ಟಿದವಳು ಒಬ್ಬಳು.

ಹುಡುಗಿಯರು ಬಳಪ ತಿನ್ನುತ್ತಾರೆಂದು ನಾವು ನಗುತ್ತಿದ್ದೆವು. ಸೀಮೆಸುಣ್ಣ, ಬಳಪ, ಒಲೆಯ ಮಣ್ಣು ಇವುಗಳ ಮೇಲಿನ ಆ ಆಸೆ ಅನೇಕ ವೇಳೆ ರಕ್ತಹೀನತೆಯ ಗುರುತು. ಶರೀರದಲ್ಲಿ ಕಬ್ಬಿಣಾಂಶ ಬತ್ತಿದಾಗ ಇಂಥ ವಿಚಿತ್ರ ಹಸಿವು ಹುಟ್ಟುವುದುಂಟು. ಬೈದರೆ ಹೋಗುವುದಿಲ್ಲ. ಕಬ್ಬಿಣಾಂಶ ಕೊಟ್ಟರೆ ಬಹುಮಟ್ಟಿಗೆ ತಾನೇ ನಿಲ್ಲುತ್ತದೆ.

ಸಂಜೆಯ ಖೋ-ಖೋ, ಕಬಡ್ಡಿ, ವ್ಯಾಯಾಮದ ಮಾಸ್ತರರ ಸೀಟಿ, ಗ್ಯಾದರಿಂಗಿನ ನಾಟಕದ ತಾಲೀಮು ಇವನ್ನೆಲ್ಲ ವರ್ಣಿಸುತ್ತ ಹೋದರೆ ಸಂಪಾದಕರು ಕತ್ತರಿ ಹಿಡಿದಾರು. ಅವು ಎಲ್ಲರ ಅನುಭವದಲ್ಲಿಯೂ ಇರತಕ್ಕವೇ. ಸಂತೋಷಕ್ಕೆ ಏನೂ ಕೊರತೆ ಇರಲಿಲ್ಲವೆಂದಷ್ಟೇ ಹೇಳುತ್ತೇನೆ. ರಾತ್ರಿ ಕಂದೀಲಿನ ಮುಂದೆ ಪುಸ್ತಕ. ಪರೀಕ್ಷೆ ಹತ್ತಿರ ಬಂದಂತೆ ನಸುಕಿನ ನಾಲ್ಕಕ್ಕೆ ಎಬ್ಬಿಸುವುದು, ನಿದ್ದೆ ಬಾರದಿರಲೆಂದು ಕರಿ ಚಹ. ಕಂದೀಲಿನ ಬೆಳಕಿನಲ್ಲಿ ಓದಿದರೆ ಕಣ್ಣು ಹೋಗುತ್ತದೆಂಬ ಹೆದರಿಕೆ ಆಗ ಬಲವಾಗಿದ್ದಿತು. ಮಂದ ಬೆಳಕು ಕಣ್ಣನ್ನು ದಣಿಸುತ್ತದೆ, ಕೆಡಿಸುವುದಿಲ್ಲ. ಕೆಡುತ್ತಿದ್ದದ್ದು ನಿದ್ದೆ. ಆ ವಯಸ್ಸಿನವರಿಗೆ ಎಂಟರಿಂದ ಹತ್ತು ತಾಸಿನ ನಿದ್ದೆ ಬೇಕು. ಹಗಲು ಕಲಿತದ್ದು ನೆನಪಿನಲ್ಲಿ ನೆಲೆಗೊಳ್ಳುವುದಕ್ಕೂ ನಿದ್ದೆ ಬೇಕು. ಹಗಲೆಲ್ಲ ಹೋಟೆಲಿನಲ್ಲಿ ದುಡಿದು ಮುಂಬಯಿಯ ಕನ್ನಡ ರಾತ್ರಿ ಪ್ರೌಢಶಾಲೆಗಳಲ್ಲಿ ಓದಿದ ನಮ್ಮ ಹಿರಿಯರು ಬೆಂಚಿನ ಮೇಲೆ ತಲೆಯಿಟ್ಟು ಮಲಗಿದ್ದ ಕಥೆಗಳನ್ನು ಹೇಳುವಾಗ ಸಭೆಯಲ್ಲಿ ಚಪ್ಪಾಳೆ ಬೀಳುತ್ತದೆ. ಅವರು ಗೆದ್ದವರು. ಅದೇ ಬೆಂಚಿನಲ್ಲಿ ನಿದ್ದೆ ಹೋಗಿ ಪರೀಕ್ಷೆಯಲ್ಲಿ ಬಿದ್ದವರು ವೇದಿಕೆ ಏರುವುದಿಲ್ಲ.

ಗುಡ್ಡದ ಮೇಲಿನ ಗಿಡಗಳು

1982ರಲ್ಲಿ, ವೈದ್ಯಕೀಯದ ವಿದ್ಯಾರ್ಥಿಯಾಗಿದ್ದಾಗ, ನೇತ್ರ ವಿಭಾಗದಲ್ಲಿ ಕೆಲವು ವಾರ ಕೆಲಸ ಮಾಡುವ ಸರದಿ ಬಂತು. ಒಂದು ಮುಂಜಾನೆ ಹನ್ನೆರಡು ವರ್ಷದ ಬಾಲಕನೊಬ್ಬ ಅಕ್ಷರಗಳ ಪಟದ ಮುಂದೆ ನಿಂತು ಕಣ್ಣು ಕಿರಿದು ಮಾಡಿದ. ಆ ಮುಖಭಾವವನ್ನು ನಾನು ಎಲ್ಲಿಯೋ ಕಂಡಿದ್ದೆ. ಎಲ್ಲಿ ಎಂಬುದು ಹೊಳೆದ ಕ್ಷಣದಲ್ಲಿ ನನಗಾದ ಸಂಕಟವನ್ನು ಬರೆಯಲಾರೆ.

ಮುಂದಿನ ಭಾನುವಾರ ಹಳ್ಳಿಗೆ ಹೋಗಿ ಗೆಳೆಯನನ್ನು ಹುಬ್ಬಳ್ಳಿಗೆ ಕರೆತಂದೆ. ‘ನಾನೇನು ಮುದುಕನೇ, ಚಾಳೀಸು ಹಾಕಿಕೊಳ್ಳಲು?’ ಎಂದು ಅವನ ವಾದ. ಎರಡೂ ಕಣ್ಣಿಗೆ ಮೈನಸ್ ನಾಲ್ಕು ಎಂದು ಪರೀಕ್ಷೆಯಿಂದ ತಿಳಿಯಿತು. ಎಂದರೆ ಒಂದು ಗೇಣಿನಾಚೆಗಿನ ಜಗತ್ತೆಲ್ಲ ಅವನಿಗೆ ಮಸಕು. ಶಾಲೆಯಲ್ಲಿದ್ದಾಗ ಇದರ ಅರ್ಧದಷ್ಟಿದ್ದರೂ ಹಿಂದಿನ ಬೆಂಚಿನಿಂದ ಹಲಗೆ ಓದುವಂತಿರಲಿಲ್ಲ. ಕನ್ನಡಕ ಸಿದ್ಧವಾಗಲು ಎರಡು ದಿನ ಹಿಡಿಯಿತು. ಅದನ್ನು ಹಾಕಿಸಿಕೊಂಡು ಬಸ್ಸಿನಲ್ಲಿ ಊರಿಗೆ ಮರಳುವಾಗ ಅವನು ಮಾತನಾಡಲಿಲ್ಲ. ಬಸ್ಸಿನಿಂದ ಇಳಿದು ಕಪ್ಪತಗುಡ್ಡದ ಕಡೆಗೆ ಬಹಳ ಹೊತ್ತು ನೋಡಿದ. ‘ಗುಡ್ಡದ ಮ್ಯಾಲೆ ಗಿಡ ಬಿಡಿಬಿಡಿಯಾಗಿ ಅದಾವಲ್ಲೋ!’ ಎಂದ. ಇಪ್ಪತ್ತೊಂದು ವರ್ಷ ಅದೇ ಗುಡ್ಡದ ಕೆಳಗೆ ಬದುಕಿದವನು ಆಡಿದ ಮಾತು ಅದು. ಆಮೇಲೆ ಇನ್ನೊಂದು ಮಾತು ಕೇಳಿದ: ‘ನಿಮಗೆಲ್ಲಾರಿಗೂ ಹಲಗಿ ಹಿಂಗ ಕಾಣತಿತ್ತೇನು?’ ಅದಕ್ಕೆ ನಾನು ಉತ್ತರ ಕೊಟ್ಟೆನೋ ಇಲ್ಲವೋ ನೆನಪಿಲ್ಲ.

ನಾವು ಶಾಲೆ ಬಿಟ್ಟ 1976ರಲ್ಲಿಯೇ ಭಾರತ ಸರ್ಕಾರ ಅಂಧತ್ವ ನಿವಾರಣೆಯ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಶಾಲಾ ಮಕ್ಕಳ ಕಣ್ಣಿನ ತಪಾಸಣೆ ಅದರ ಕೆಲಸಗಳಲ್ಲಿ ಸೇರಿದ್ದು ಆನಂತರ. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಈಗ ವೈದ್ಯರ ತಂಡಗಳು ಸರ್ಕಾರಿ ಶಾಲೆಗಳಿಗೆ ಹೋಗುತ್ತವೆ. ತಂಡ ಬರುವುದು ವರ್ಷಕ್ಕೊಂದು ದಿನ. ಆ ದಿನ ಗೈರುಹಾಜರಾದ ಹುಡುಗನ ಪಾಡು ಮತ್ತೆ ಒಂದು ವರ್ಷ ಹಾಗೆಯೇ.

ಹೆಚ್ಚು ಬದಲಾದದ್ದು ಹೊಟ್ಟೆಯ ವಿಷಯದಲ್ಲಿ. ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2001ರ ನವೆಂಬರಿನಲ್ಲಿ ಆದೇಶವಿತ್ತಿತು. ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯದ ಜಿಲ್ಲೆಗಳಿಂದ ಆರಂಭವಾದ ಅಕ್ಷರ ದಾಸೋಹ 2007ರ ಸುಮಾರಿಗೆ ಹೈಸ್ಕೂಲನ್ನೂ ಮುಟ್ಟಿತು. 2013ರಿಂದ ಹಾಲು ಬಂತು. ನಾನು ಹೋದ ದಿನ ಆ ಬೇವಿನ ಗಿಡದ ಕೆಳಗೆಯೇ ಮಕ್ಕಳು ಸಾಲಾಗಿ ಕುಳಿತು ಅನ್ನ-ಸಾರು ಉಣ್ಣುತ್ತಿದ್ದರು. ರೊಟ್ಟಿಯ ನಾಡಿನಲ್ಲಿ ಅನ್ನವೇಕೆ ಎಂದು ಗೊಣಗುವವನು ನಾನೂ ಹೌದು. ಆದರೆ ಪೇಟೆಯಲ್ಲಿ ಕೆಲಸವಿದೆಯೆಂದು ಹೇಳಿ ಹೊರಟವರು ಅಂದು ಯಾರೂ ಕಾಣಲಿಲ್ಲ. ಮೂರನೆಯ ತಾಸಿನಲ್ಲಿ ಕಿಟಕಿಯಿಂದ ಇಣುಕಿದೆ. ತೂಕಡಿಸುವವರು ಇದ್ದರು, ಊಟ ಹೆಚ್ಚಾಗಿ.

ರಕ್ತಹೀನತೆ ಮಾತ್ರ ಜಗ್ಗಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಜನರಿಗೆ, ಹುಡುಗರಲ್ಲಿ ನೂರಕ್ಕೆ 31 ಜನರಿಗೆ ರಕ್ತ ಕಡಿಮೆ. ಶಾಲೆಯಲ್ಲಿ ವಾರಕ್ಕೊಂದು ನೀಲಿ ಬಣ್ಣದ ಕಬ್ಬಿಣದ ಮಾತ್ರೆ, ವರ್ಷಕ್ಕೆರಡು ಸಲ ಜಂತುಹುಳುವಿನ ಮಾತ್ರೆ ಕೊಡುತ್ತಾರೆ. ನೀಲಿ ಮಾತ್ರೆಯನ್ನು ಎಷ್ಟೋ ಹುಡುಗಿಯರು ಉಗುಳಿಬಿಡುತ್ತಾರೆ. ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ ಎಂಬ ಅಂಜಿಕೆ. ಮಲ ಕಪ್ಪಾಗುವುದು ಸಹಜ, ಅಪಾಯವಿಲ್ಲ. ಊಟವಾದ ಮೇಲೆ ನುಂಗಿದರೆ ತೊಳಸುವುದು ಕಡಿಮೆಯಾಗುತ್ತದೆ. ಊಟದ ಜೊತೆಗೆ ಲಿಂಬೆಯ ಹೋಳೋ ಪೇರಲ ಹಣ್ಣೋ ಇದ್ದರೆ ಕಬ್ಬಿಣಾಂಶ ಚೆನ್ನಾಗಿ ರಕ್ತಗತವಾಗುತ್ತದೆ. ಊಟದೊಡನೆ ಚಹ ಕುಡಿದರೆ ಅದು ವ್ಯರ್ಥವಾಗುತ್ತದೆ. ಇದು ಪರಊರಿನ ನಮ್ಮ ಮನೆಗಳಿಗೂ ಅನ್ವಯಿಸುವ ಮಾತು. ಊಟ ಮುಗಿಸಿ ಕೈ ತೊಳೆಯುವ ಮುನ್ನವೇ ಚಹದ ಬಟ್ಟಲು ಹಿಡಿಯುವ ಅಭ್ಯಾಸ ಮುಂಬಯಿಯಲ್ಲಿ ನಮಗೆ ಚೆನ್ನಾಗಿಯೇ ಹತ್ತಿದೆ.

ಹುಡುಗಿಯರಿಗೆ ಶೌಚಾಲಯ ಕಟ್ಟಿದ್ದಾರೆ. ಬೀಗ ಹಾಕಿತ್ತು. ಕೀಲಿ ಯಾರ ಬಳಿ ಎಂದು ವಿಚಾರಿಸಿದಾಗ ಇಬ್ಬರು ಇನ್ನಿಬ್ಬರ ಹೆಸರು ಹೇಳಿದರು. ‘ನೀರಿಲ್ಲ ಸರ್, ಹೊಲಸಾಗ್ತದ’ ಎಂದು ಕಡೆಗೆ ಒಬ್ಬರು ನಿಜವನ್ನು ನುಡಿದರು. ಊರಿನ ಹಳೆಯ ವಿದ್ಯಾರ್ಥಿಗಳು, ಅದರಲ್ಲಿಯೂ ಮುಂಬಯಿ-ಪುಣೆಗಳಲ್ಲಿ ನೆಲೆಸಿದವರು, ಆ ಶಾಲೆಗೆ ಒಂದು ಕಮಾನು, ಒಂದು ರಂಗಮಂಟಪ, ಒಂದು ಸರಸ್ವತಿಯ ಮೂರ್ತಿ ಕೊಟ್ಟಿದ್ದಾರೆ. ಕಮಾನಿನ ಮೇಲಿನ ಹೆಸರುಗಳಲ್ಲಿ ನನ್ನದೂ ಒಂದು. ಆ ಹಣದಲ್ಲಿ ಒಂದು ನೀರಿನ ಟಾಕಿ, ಒಂದು ಪಂಪು, ದಿನವೂ ತೊಳೆಯುವ ಒಬ್ಬ ಹೆಂಗಸಿಗೆ ವರ್ಷದ ಸಂಬಳ ಆಗುತ್ತಿತ್ತೆಂದು ಅಂದು ಕಮಾನಿನ ಕೆಳಗೆ ನಿಂತು ಲೆಕ್ಕ ಹಾಕಿದೆ. ಈ ವರ್ಷ ನಾವು ಆರು ಜನ ಸೇರಿ ಟಾಕಿಯ ವ್ಯವಸ್ಥೆ ಮಾಡಿದ್ದೇವೆ. ತೊಳೆಯುವವರ ಸಂಬಳ ಇನ್ನೂ ಚರ್ಚೆಯಲ್ಲಿದೆ. ಅದರ ಮೇಲೆ ಹೆಸರು ಕೆತ್ತಿಸಲು ಬರುವುದಿಲ್ಲವಷ್ಟೆ.

ನಮ್ಮ ಮಕ್ಕಳ ಕಣ್ಣಿನ ವಿಷಯ ಬೇರೆಯೇ ಆಗಿದೆ. ಮುಂಬಯಿ, ಪುಣೆಗಳ ಶಾಲೆಗಳಲ್ಲಿ ಕನ್ನಡಕದ ಮಕ್ಕಳು ಬೆಂಚಿಗಿಬ್ಬರು. ಹತ್ತಿರದ ವಸ್ತುವನ್ನೇ ಸದಾ ನೋಡುವುದು, ಬಯಲಿನ ಬೆಳಕನ್ನು ನೋಡದಿರುವುದು, ಇವೆರಡೂ ಸಮೀಪ ದೃಷ್ಟಿಯನ್ನು ಬೆಳೆಸುತ್ತವೆ. ದಿನಕ್ಕೆ ಎರಡು ತಾಸು ಹೊರಗಿನ ಬೆಳಕಿನಲ್ಲಿದ್ದ ಮಕ್ಕಳಲ್ಲಿ ಅದು ಹುಟ್ಟುವುದು ಕಡಿಮೆ ಎಂದು ಹಲವು ದೇಶಗಳ ವೈದ್ಯರು ಕಂಡುಕೊಂಡಿದ್ದಾರೆ. ಹಾಗೆ ನೋಡಿದರೆ ಆ ಐದು ಕಿಲೋಮೀಟರಿನ ಬಿಸಿಲ ದಾರಿ ನಮ್ಮ ಕಣ್ಣನ್ನು ಕಾಯ್ದಿರಬೇಕು. ನನ್ನ ಗೆಳೆಯನನ್ನು ಅದು ಕಾಯಲಿಲ್ಲ. ಅವನ ತಾಯಿಗೂ ಅದೇ ದೋಷವಿದ್ದಿತೆಂದು ಆಮೇಲೆ ತಿಳಿಯಿತು. ವಂಶದಿಂದ ಬಂದದ್ದನ್ನು ಬಿಸಿಲು ಪೂರ್ತಿ ತಡೆಯಲಾರದು.

ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆ ಸರಳ. ಗೋಡೆಗೆ ತೂಗುಹಾಕಿದ ಪಂಚಾಂಗದಿಂದ ಇಪ್ಪತ್ತು ಅಡಿ ದೂರದಲ್ಲಿ ಮಗುವನ್ನು ನಿಲ್ಲಿಸಿ, ಅಂಗೈಯಿಂದ ಒಂದು ಕಣ್ಣನ್ನು ಒತ್ತದೆ ಮುಚ್ಚಿಸಿ, ತಾರೀಖುಗಳನ್ನು ಓದಿಸಬೇಕು. ಆಮೇಲೆ ಇನ್ನೊಂದು ಕಣ್ಣು. ನಿಮ್ಮ ದೃಷ್ಟಿ ಚೆನ್ನಾಗಿದ್ದು, ನಿಮಗೆ ಕಂಡದ್ದು ಮಗುವಿಗೆ ಕಾಣದಿದ್ದರೆ, ಅಥವಾ ಎರಡು ಕಣ್ಣುಗಳ ನಡುವೆ ಭೇದ ಕಂಡರೆ ನೇತ್ರ ವೈದ್ಯರಲ್ಲಿಗೆ ಹೋಗತಕ್ಕದ್ದು. ಕಣ್ಣು ಕಿರಿದು ಮಾಡಲು ಬಿಡಬಾರದು. ಹಾಗೆ ಮಾಡಿ ಎಷ್ಟೋ ಮಕ್ಕಳು ಪಾಸಾಗಿಬಿಡುತ್ತಾರೆ. ಹುಡುಗಿಗೆ ಕನ್ನಡಕ ಬಂದರೆ ಮದುವೆಗೆ ತೊಡಕೆಂದು ಪರೀಕ್ಷೆಯನ್ನೇ ಮುಂದೂಡುವ ತಾಯಂದಿರನ್ನು ಈ ಮಹಾನಗರದಲ್ಲಿಯೂ ನಾನು ಕಂಡಿದ್ದೇನೆ, ಅವರೊಡನೆ ಜಗಳವಾಡಿದ್ದೇನೆ.

ನಾನು ಶಾಲೆಯಲ್ಲಿ ಕಳೆದ ಆ ದಿನ ಇಂಥದೇ ಪರೀಕ್ಷೆಗೆಂದು ಮೀಸಲಾದದ್ದು. ಗೆಳೆಯನೂ ಜೊತೆಗಿದ್ದ. ಈಗ ಅವನದು ನರೆತ ಮೀಸೆ, ದಪ್ಪ ಗಾಜಿನ ಕನ್ನಡಕ. ಅಕ್ಷರಗಳ ಪಟದ ಪಕ್ಕದಲ್ಲಿ ಕೋಲು ಹಿಡಿದು ನಿಲ್ಲುವುದು ಅವನ ಕೆಲಸ. ಆ ಕೋಲನ್ನು ಕಂಡು ಮೊದಲು ನನಗೆ ಮೈ ಜುಮ್ಮೆಂದಿತು. ಅವನು ಕಡೆಯ ಬೆಂಚಿನವರನ್ನೇ ಮೊದಲು ಕರೆಯುತ್ತಾನೆ. ‘ಕಾಣಲಿಲ್ಲಂದ್ರ ಕಾಣಲಿಲ್ಲ ಅಂತ ಹೇಳು, ಅಂದಾಜಿನ್ಯಾಗ ಹೇಳಬ್ಯಾಡ’ ಎಂದು ಪ್ರತಿಯೊಬ್ಬರಿಗೂ ತಾಕೀತು ಮಾಡುತ್ತಾನೆ. ನೂರಾ ಹದಿನೆಂಟು ಮಕ್ಕಳಲ್ಲಿ ಒಂಬತ್ತು ಜನರಿಗೆ ಹಲಗೆ ಕಾಣುತ್ತಿರಲಿಲ್ಲ. ಇಪ್ಪತ್ತು ಅಡಿ ಅಳೆಯಲು ಅವನು ಒಂದು ನೂಲಿನ ಹಗ್ಗವನ್ನು ಗಂಟು ಹಾಕಿ ಇಟ್ಟುಕೊಂಡಿದ್ದಾನೆ. ಸಂಜೆ ಅದನ್ನು ಸುತ್ತಿ ಮುಖ್ಯೋಪಾಧ್ಯಾಯರ ಕಪಾಟಿನಲ್ಲಿ ಇಡೋಣವೆಂದೆ. ಅವನು ಒಪ್ಪಲಿಲ್ಲ. ಶಾಲೆಯಲ್ಲಿಟ್ಟರೆ ಯಾರಾದರೂ ದನ ಕಟ್ಟಲು ಒಯ್ಯುತ್ತಾರೆಂದು ಹೇಳಿ, ಹೆಗಲ ಮೇಲೆ ಹಾಕಿಕೊಂಡು ಮನೆಗೆ ಹೊರಟ.